ಹಾಜರಿ ಪುಸ್ತಕದ ಸಹಿಯನ್ನೇ ಒಪ್ಪಿಗೆ ಮಾಡಿಕೊಂಡರು: ಶಿಕ್ಷಕ ಪ್ರತಿನಿಧಿಗಳೇ, ಎಚ್ಚರ

ವಿಶ್ವವಿದ್ಯಾಲಯದ ಸಮಿತಿಗಳಿಗೆ ಶಿಕ್ಷಕರ ಪರವಾಗಿ ಆರಿಸಿ ಹೋಗಿರುವವರು ದಯವಿಟ್ಟು ಇದನ್ನು ಓದಿ. ಮುಂದಿನ ಸಭೆಗೆ ಹೋಗುವ ಮುಂಚೆಯೇ ಓದಿ.

ನಮ್ಮ ಇಬ್ಬರು ಚುನಾಯಿತ ಪ್ರತಿನಿಧಿಗಳು ಕೂತಿದ್ದ ಪರಿಷತ್ತಿನ ಸಭೆಯಲ್ಲೇ, ಅವರ ಕಣ್ಣೆದುರಿಗೇ, ವಾರಕ್ಕೆ 14 ಗಂಟೆ ಇದ್ದ ಪಾಠದ ಹೊರೆ 18 ಗಂಟೆಯಾಯಿತು. ಸಂಶೋಧನಾ ಮಾರ್ಗದರ್ಶನಕ್ಕೆ ಲೆಕ್ಕ ಹಿಡಿಯುತ್ತಿದ್ದ 2 ಗಂಟೆಯೂ ಹೋಯಿತು. ಆಮೇಲೆ ಬಂದ ಸುತ್ತೋಲೆಯಲ್ಲಿ "ಶಿಕ್ಷಕ ಪ್ರತಿನಿಧಿಗಳೊಂದಿಗೆ ಸಮಾಲೋಚಿಸಿ, ಸರ್ವಾನುಮತದಿಂದ" ಎಂದಿತ್ತು. ಸರ್ವಾನುಮತ! ವಿಭಾಗಗಳಲ್ಲಿ ಸಹೋದ್ಯೋಗಿಗಳು "ನೀವೇ ಒಪ್ಪಿಕೊಂಡು ಬಂದಿರಂತೆ?" ಎಂದು ಕೇಳಿದಾಗ ತಲೆ ಎತ್ತಲು ಆಗಲಿಲ್ಲ. ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಂಡೇ ಇರಲಿಲ್ಲ.

ಕಾರ್ಯಸೂಚಿಯಲ್ಲಿ 23 ವಿಷಯಗಳು. ನಿರ್ಣಯಕ್ಕಾಗಿ, ಚರ್ಚೆಗಾಗಿ, ಮಾಹಿತಿಗಾಗಿ ಎಂದು ಮೂರು ಭಾಗ. ಮಾಹಿತಿ ಭಾಗದ ವಿಷಯಗಳನ್ನು ಸಾಮಾನ್ಯವಾಗಿ ಓದಿ ಬಿಡುತ್ತಾರೆ, ಮತಕ್ಕೆ ಹಾಕುವುದಿಲ್ಲ. 19ನೇ ವಿಷಯ ಅಲ್ಲಿತ್ತು: "ಕಾರ್ಯಭಾರ ಪರಿಷ್ಕರಣಾ ಉಪಸಮಿತಿಯ ವರದಿ." 84 ಪುಟದ ಕಡತ ಕೈಗೆ ಬಂದದ್ದು ಹಿಂದಿನ ರಾತ್ರಿ. 14ನ್ನು 18 ಮಾಡಿದ ಕೋಷ್ಟಕ ಇದ್ದದ್ದು 6ನೇ ಅನುಬಂಧದಲ್ಲಿ, 71ನೇ ಪುಟದಲ್ಲಿ. ಮೊದಲ ಪುಟಗಳಲ್ಲಿ ಅದರ ಸುಳಿವೂ ಇಲ್ಲ, "ಕಾರ್ಯಭಾರದ ವೈಜ್ಞಾನಿಕ ಹಂಚಿಕೆ" ಎಂಬ ಮಾತು ಮಾತ್ರ. ಆದರೂ ನಮ್ಮವರೊಬ್ಬರು ಅದನ್ನು ಗುರುತಿಸಿ ಕೈ ಎತ್ತಿದರು. ಅಧ್ಯಕ್ಷರು ನಗುತ್ತಲೇ ಹೇಳಿದರು: "ಇದು ಬರೀ ಮಾಹಿತಿಗೆ ಸಾರ್, ಮುಂದಿನ ಸಭೆಯಲ್ಲಿ ವಿವರವಾಗಿ ಮಾತಾಡೋಣ." ಅವರು ಕೈ ಇಳಿಸಿದರು. ಆ ಕೈ ಇಳಿಸಿದ್ದೇ ತಪ್ಪು.

12 ದಿನದ ಮೇಲೆ ನಡಾವಳಿ, ಅಂದರೆ ಸಭೆಯ ಲಿಖಿತ ದಾಖಲೆ, ಬಂತು. ವರದಿಯನ್ನು "ಗಮನಿಸಲಾಯಿತು" ಎಂದಿರಬೇಕಾದ ಕಡೆ "ಅಂಗೀಕರಿಸಲಾಯಿತು" ಎಂದಿತ್ತು. ಒಂದೇ ಪದ. ಮಾಹಿತಿಗೆಂದು ಬಂದ ಕಾಗದ ಆ ಒಂದು ಪದದಿಂದ ನಿಯಮವಾಗಿಬಿಟ್ಟಿತು. ಕೈ ಎತ್ತಿದ ಪ್ರಸ್ತಾಪ ಎಲ್ಲೂ ಇಲ್ಲ.

ಕೇಳಲು ಹೋದರೆ ಸಿಕ್ಕ ಉತ್ತರಗಳಿವು. ಕಚೇರಿಯಲ್ಲಿ: "ನೀವೂ ಸಭೆಯಲ್ಲಿದ್ದಿರಲ್ಲ ಸಾರ್? ಹಾಜರಿ ಪುಸ್ತಕದಲ್ಲಿ ಸಹಿ ಇದೆ ನೋಡಿ." ಪುಸ್ತಕ ತಿರುಗಿಸಿ, ಸಹಿಯ ಮೇಲೆ ಬೆರಳಿಟ್ಟು ತೋರಿಸಿದರು. ಅಧ್ಯಕ್ಷರು ಕೊಟ್ಟ ಮಾತು? "ಬಾಯಿಮಾತು ನಡಾವಳಿಗೆ ಬರೋದಿಲ್ಲ." ಹಾಗಾದರೆ ಶಿಕ್ಷಕರ ಸಂಘದ ಜೊತೆ ಕೂತು ಮಾತಾಡಿ ಎಂದು ಪತ್ರ ಕೊಟ್ಟೆವು. ಲಿಖಿತ ಉತ್ತರ ಬಂತು: "ಶಿಕ್ಷಕರ ಪ್ರತಿನಿಧಿಗಳು ಪರಿಷತ್ತಿನಲ್ಲಿಯೇ ಇರುವುದರಿಂದ ಪ್ರತ್ಯೇಕ ಮಾತುಕತೆಯ ಅಗತ್ಯ ಕಂಡುಬರುವುದಿಲ್ಲ."

ಇದೇ ಕಚೇರಿ, ಕೈ ಎತ್ತಿದ ಅದೇ ಪ್ರತಿನಿಧಿ ಕೋಷ್ಟಕವನ್ನು ಸಹೋದ್ಯೋಗಿಗಳಿಗೆ ತೋರಿಸಿದಾಗ ಏನು ಹೇಳಿತ್ತು ಗೊತ್ತೇ? "ನೀವಿಲ್ಲಿ ಶಿಕ್ಷಕರ ವಕೀಲರಲ್ಲ, ಸಂಸ್ಥೆಯ ಸದಸ್ಯರು. ಕಡತ ಗೌಪ್ಯ." ಒಪ್ಪಿಗೆ ಬೇಕಾದಾಗ ಶಿಕ್ಷಕರ ಪ್ರತಿನಿಧಿ, ಪ್ರಶ್ನೆ ಕೇಳಿದಾಗ ಸಂಸ್ಥೆಯ ಸದಸ್ಯ! ಮೋಸ ಇರುವುದೇ ಇಲ್ಲಿ. ಅನೇಕ ಕಡೆ ಆಡಳಿತ ಮಂಡಳಿಯ ಸದಸ್ಯ, ಯಾರು ಆರಿಸಿ ಕಳಿಸಿದ್ದರೂ, ಇಡೀ ಸಂಸ್ಥೆಯ ಹಿತ ನೋಡಬೇಕೆಂಬ ನಿಯಮ ನಿಜವಾಗಿಯೂ ಇದೆ. ಹಾಗಿದ್ದ ಮೇಲೆ ಅವರ ಹಾಜರಿ ಶಿಕ್ಷಕರೆಲ್ಲರ ಪರವಾದ ಒಪ್ಪಂದ ಹೇಗಾಗುತ್ತದೆ? ಆಗುವುದಿಲ್ಲ. ಪರಿಷತ್ತಿನ ಕುರ್ಚಿ ಬೇರೆ, ಸಂಘದ ಮಾತುಕತೆಯ ಮೇಜು ಬೇರೆ.

ಯುನೆಸ್ಕೋ 1997ರಲ್ಲಿ ಉನ್ನತ ಶಿಕ್ಷಣದ ಬೋಧಕರ ಸ್ಥಾನಮಾನದ ಬಗ್ಗೆ ಹೊರಡಿಸಿದ ಶಿಫಾರಸಿನಲ್ಲೂ ಇವೆರಡೂ ಬೇರೆ ಬೇರೆಯಾಗಿಯೇ ಇವೆ. ಆಡಳಿತ ಸಂಸ್ಥೆಗಳಲ್ಲಿ ಭಾಗವಹಿಸುವ, ತಮ್ಮದೇ ಸಂಸ್ಥೆಯನ್ನು ಟೀಕಿಸುವ, ಶೈಕ್ಷಣಿಕ ಮಂಡಳಿಗಳಿಗೆ ಬಹುಪಾಲು ಪ್ರತಿನಿಧಿಗಳನ್ನು ಆರಿಸುವ ಹಕ್ಕು ಒಂದು ಕಡೆ. ಸಂಬಳ, ಕೆಲಸದ ಷರತ್ತುಗಳನ್ನು ಶಿಕ್ಷಕರ ಸಂಘಟನೆಯ ಜೊತೆ ಮಾತುಕತೆಯಿಂದ ತೀರ್ಮಾನಿಸಬೇಕೆಂಬುದು ಇನ್ನೊಂದು ಕಡೆ. ಅದು ಶಿಫಾರಸು ಮಾತ್ರ, ಕಾನೂನಿನಂತೆ ಕಟ್ಟಿಹಾಕುವುದಿಲ್ಲ, ಆದರೆ ಪತ್ರದಲ್ಲಿ ಉಲ್ಲೇಖಿಸಲು ಬರುತ್ತದೆ. ಕುರ್ಚಿ ತೋರಿಸಿ ಮೇಜು ಕಿತ್ತುಕೊಳ್ಳುವುದು ಹೊಸದೂ ಅಲ್ಲ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಯೆಶಿವಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 5-4ರ ಬಹುಮತದಿಂದ ಹೇಳಿದ್ದು ಇದನ್ನೇ: ಅಲ್ಲಿನ ಅಧ್ಯಾಪಕರು ಶೈಕ್ಷಣಿಕ ತೀರ್ಮಾನಗಳಲ್ಲಿ ಅಷ್ಟೊಂದು ಪಾಲುಗೊಳ್ಳುವುದರಿಂದ ಅವರು ವ್ಯವಸ್ಥಾಪಕರು, ಆದ್ದರಿಂದ ಅಮೆರಿಕದ ಕಾರ್ಮಿಕ ಕಾನೂನು ಸಾಮೂಹಿಕ ಚೌಕಾಶಿಗೆ, ಅಂದರೆ ಸಂಘದ ಮೂಲಕ ಒಟ್ಟಾಗಿ ಮಾತುಕತೆ ನಡೆಸುವುದಕ್ಕೆ, ಕೊಡುವ ರಕ್ಷಣೆ ಅವರಿಗಿಲ್ಲ.

ಸರಿ, ಏನು ಮಾಡಬೇಕು. "ಮಾಹಿತಿಗಾಗಿ" ಭಾಗವನ್ನೇ ಮೊದಲು ಓದಿ, ಅದರಲ್ಲೂ ಅನುಬಂಧಗಳನ್ನು. ಕೆಲಸದ ಗಂಟೆ, ಬಡ್ತಿ, ರಜೆ, ಗುತ್ತಿಗೆ ಇವುಗಳ ವಿಷಯ ಅಲ್ಲಿದ್ದರೆ ಸಭೆ ಶುರುವಾದ ಕೂಡಲೇ, ಕಾರ್ಯಸೂಚಿ ಒಪ್ಪುವ ಮುಂಚೆ, ಅದನ್ನು ಚರ್ಚೆಯ ಭಾಗಕ್ಕೆ ತನ್ನಿ ಎಂದು ಕೇಳಿ. 19ನೇ ವಿಷಯ ಬರುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಇದೆಯೋ ಇಲ್ಲವೋ ಅದನ್ನೂ ಎಣಿಸಿ. ಸಭೆಯಲ್ಲೇ ಕೈಗಿಡುವ ಕಾಗದವನ್ನು ಮುಂದೂಡಿ ಎನ್ನಿ. ಮುಂದೂಡದಿದ್ದರೆ "ನನ್ನ ಆಕ್ಷೇಪವನ್ನು ಹೆಸರಿನೊಂದಿಗೆ ದಾಖಲಿಸಿ" ಎಂಬ ವಾಕ್ಯವನ್ನು ಬಾಯಲ್ಲಿ ಹೇಳಿ, ಮೂರು ಸಾಲು ಬರೆದು ಅಲ್ಲೇ ಕೊಡಿ. ಮುಂದೆ ನೋಡೋಣ ಎಂದು ಯಾರೇ ಹೇಳಲಿ, ಎಷ್ಟೇ ನಗುತ್ತಾ ಹೇಳಲಿ, ಆ ಮಾತನ್ನು ಅಂದೇ ಸಂಜೆ ಇಮೇಲಿನಲ್ಲಿ ಅವರಿಗೇ ಬರೆದು ಕಳಿಸಿ. ಸಭೆಯಿಲ್ಲದೆ ಸುತ್ತೋಲೆಯ ಮೂಲಕ ಮಾಡುವ ನಿರ್ಣಯಗಳಲ್ಲಿ ಉತ್ತರ ಕೊಡದಿರುವುದನ್ನು ಒಪ್ಪಿಗೆ ಎಂದು ಎಣಿಸುವ ಕಡೆಗಳಿವೆ, ಗಡುವಿನೊಳಗೆ "ಇಲ್ಲ" ಎಂದಾದರೂ ಬರೆಯಿರಿ. ಪ್ರತಿನಿಧಿಯಾಗಿ ಕೊಡುವ ಪ್ರತಿ ಟಿಪ್ಪಣಿಯಲ್ಲೂ ಒಂದು ಸಾಲು ಸೇರಿಸಿ: ಇದು ಸದಸ್ಯನ ಅಭಿಪ್ರಾಯ, ಸಂಘದೊಂದಿಗಿನ ಮಾತುಕತೆಗೆ ಬದಲಿಯಲ್ಲ. ನಮ್ಮ ಕೈಲಿ ಆ ಒಂದು ಸಾಲು ಇದ್ದಿದ್ದರೆ ಆ ಲಿಖಿತ ಉತ್ತರ ಬರೆಯಲು ಅವರಿಗೆ ಧೈರ್ಯ ಸಾಲುತ್ತಿರಲಿಲ್ಲ.

ಕರಡು ನಡಾವಳಿ ಬಂದ ದಿನವೇ ಓದಿ, ಕ್ರಿಯಾಪದಗಳನ್ನು ನೋಡಿ. ಗಮನಿಸಲಾಯಿತು, ಚರ್ಚಿಸಲಾಯಿತು, ಶಿಫಾರಸು ಮಾಡಲಾಯಿತು, ಅಂಗೀಕರಿಸಲಾಯಿತು: ನಾಲ್ಕಕ್ಕೂ ನಾಲ್ಕು ಅರ್ಥ. ಮುಂದಿನ ಸಭೆಯಲ್ಲಿ ಆ ನಡಾವಳಿಯ ದೃಢೀಕರಣ ಮೊದಲ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಲ್ಲಿ ನಿರ್ಣಯ ಸರಿಯೋ ತಪ್ಪೋ ಎಂದು ವಾದಿಸಲು ಬಿಡುವುದಿಲ್ಲ, ಬರೆದದ್ದು ನಡೆದಂತೆ ಇದೆಯೇ ಎಂದಷ್ಟೇ ಕೇಳಬಹುದು. ಅದಕ್ಕೇ ತಿದ್ದುಪಡಿ ಪತ್ರ ಮೊದಲೇ ಹೋಗಬೇಕು. ಯಾವ ಪುಟ, ಯಾವ ಸಾಲು, ಯಾವ ಪದದ ಬದಲು ಯಾವ ಪದ, ಇಷ್ಟೇ ಇರಲಿ. ನಮ್ಮ ತಿದ್ದುಪಡಿ ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಲು ಮೂರು ಸಲ ಅಲೆಸಿದರು, "ಇಟ್ಟು ಹೋಗಿ ಸಾರ್, ನೋಡ್ತೀವಿ" ಎಂದರು. ಇಟ್ಟು ಬರಬೇಡಿ. ತಾರೀಖು, ಮುದ್ರೆ, ಪಡೆದವರ ಸಹಿ ಬೀಳುವವರೆಗೆ ಅಲ್ಲೇ ನಿಲ್ಲಿ.