ಹೂಮಳೆಗೆ ಬಾಡಿಗೆ ಎಂಜಿನ್: ಮೂಡಿಗೆರೆ ಕಡೆಯ ಒಂದು ಸ್ಪ್ರಿಂಕ್ಲರ್ ಸೇವೆ

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟರೆ ಡೀಸೆಲ್ ಎಂಜಿನ್, ಪೈಪು, ಜೆಟ್ಟುಗಳನ್ನು (ತಿರುಗುತ್ತ ನೀರು ಚಿಮ್ಮುವ ಸ್ಪ್ರಿಂಕ್ಲರ್ ತಲೆ) ಆಳುಗಳ ಸಮೇತ ತಂದು ರೋಬಸ್ಟಾ ಕಾಫಿ ತೋಟಕ್ಕೆ ನೀರು ಹೊಡೆದು ಹೋಗುವ ಸೇವೆಯೊಂದನ್ನು ಈ ಬೇಸಿಗೆಯಲ್ಲಿ ಮೂಡಿಗೆರೆ ತಾಲ್ಲೂಕಿನ ನಮ್ಮ ತೋಟಕ್ಕೆ ಕರೆಸಿದ್ದೆವು. ಕೆಲಸ ಅಚ್ಚುಕಟ್ಟಾಗಿದೆ, ಬಾಡಿಗೆಯ ಲೆಕ್ಕ ಮಾತ್ರ ಸಣ್ಣ ಬೆಳೆಗಾರನಿಗೆ ಹೊಂದುವಂತಿಲ್ಲ.

ಒಂದು ಎಕರೆಯ ಮೇಲೆ ಒಂದು ಇಂಚು ನೀರು ಬೀಳಬೇಕಾದರೆ ಸುಮಾರು ಒಂದು ಲಕ್ಷ ಲೀಟರ್ ಬೇಕು. ರೋಬಸ್ಟಾ ಮೊಗ್ಗು ಸರಿಯಾಗಿ ಅರಳಲು ಒಂದರಿಂದ ಒಂದೂವರೆ ಇಂಚು ಬೀಳಲೇಬೇಕು. ಅರೆಬರೆ ನೆನೆದರೆ ಹೂವೂ ಅರೆಬರೆಯೇ. ಪಂಪ್‌ಸೆಟ್ ಲೈನಿಗೆ ಸರ್ಕಾರ ಹೇಳುವ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ, 2023ರ ಬರದಲ್ಲಿ ಅದೂ ಐದಕ್ಕೆ ಇಳಿದಿತ್ತು. ಅಷ್ಟು ಹೊತ್ತಿನ ಕರೆಂಟಿನಲ್ಲಿ ಹಳ್ಳದ ನೀರನ್ನು ಗುಡ್ಡದ ನೆತ್ತಿಗೆ ಏರಿಸುತ್ತ ಕುಳಿತರೆ, ತೋಟ ಮುಗಿಯುವ ಹೊತ್ತಿಗೆ ಮೊಗ್ಗಿನ ಹದ ದಾಟಿರುತ್ತದೆ. ಹಾಗಾಗಿ ಡೀಸೆಲ್ಲಿಗೆ ದುಡ್ಡು ಸುರಿಯುವುದು ಅನಿವಾರ್ಯ.

ಎಂಜಿನ್ ಸ್ವಂತಕ್ಕೇ ಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಕೊಳ್ಳಬಹುದು, ಆದರೆ ಇಳಿಜಾರಿನಲ್ಲಿ ಪೈಪು ಹೊರುವವರು ಯಾರು? ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 11,40,905 ಇದ್ದದ್ದು 2011ರಲ್ಲಿ 11,37,961ಕ್ಕೆ ಇಳಿಯಿತು. ಇಡೀ ರಾಜ್ಯ ಶೇ 15ಕ್ಕೂ ಹೆಚ್ಚು ಬೆಳೆದ ಅದೇ ದಶಕದಲ್ಲಿ ಕುಗ್ಗಿದ ಜಿಲ್ಲೆ ಇದೊಂದೇ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಹುಟ್ಟಿದ ಮಕ್ಕಳು ಓದಿಕೊಂಡು ಬೆಂಗಳೂರು, ಮಂಗಳೂರು ಸೇರಿದ್ದಾರೆ. ಅವರು ಹೋದದ್ದು ಸರಿಯೇ. ಅದನ್ನು ದೂರುವ ಪ್ಲಾಂಟರುಗಳ ಮಕ್ಕಳೂ ಊರಲ್ಲಿಲ್ಲ ಎಂಬುದನ್ನು ನೆನಪಿಡಬೇಕು. ಹೀಗಾಗಿ ಈ ಸೇವೆಯಲ್ಲಿ ನಾವು ಬಾಡಿಗೆ ಕೊಡುವುದು ಎಂಜಿನ್ನಿಗಿಂತ ಹೆಚ್ಚಾಗಿ ಅದರ ಜೊತೆ ಬರುವ ಆಳುಗಳಿಗೆ.

ನಮ್ಮಲ್ಲಿಗೆ ಬಂದವರಲ್ಲಿ ಎಂಜಿನ್ ನೋಡಿಕೊಳ್ಳುವವನು ಮಾತ್ರ ಸ್ಥಳೀಯ, ಉಳಿದವರು ಅಸ್ಸಾಮಿನವರು. ಮೊದಲ ಜೆಟ್ಟು ತಿರುಗತೊಡಗಿದ ಕೂಡಲೇ ಅವರಲ್ಲೊಬ್ಬ ಗಿಡಗಳ ನಡುವೆ ಖಾಲಿ ಪೇಂಟ್ ಡಬ್ಬಿಗಳನ್ನು ಸಾಲಾಗಿ ಇಟ್ಟ. ಆಮೇಲೆ ಒಂದೊಂದರಲ್ಲೂ ಕಡ್ಡಿ ಅದ್ದಿ ನೋಡಿ, ಸುತ್ತಿನ ಅಂಚಿನ ಡಬ್ಬಿಯಲ್ಲಿ ಅರ್ಧ ಇಂಚೂ ತುಂಬಿಲ್ಲವೆಂದು ತಿಳಿದಾಗ, "ಇಲ್ಲಿ ಕಮ್ಮಿ ಸಾರ್" ಎಂದವನೇ ಮುಂದಿನ ಜೆಟ್ಟನ್ನು ಹತ್ತಿರಕ್ಕೆ ತಂದು ಎರಡು ಸುತ್ತಿನ ನೀರು ಒಂದರ ಮೇಲೊಂದು ಬೀಳುವಂತೆ ಮಾಡಿದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ತೋಟದ ಕೆಲಸ, ಲೆಕ್ಕ ನೋಡುವ ನಮ್ಮ ರೈಟರು ಕೂಡ. ವಾರ ಕಳೆದು ಹೂ ಬಿಟ್ಟಾಗ ಅಂಚಿನ ಗಿಡ ಯಾವುದು, ನಡುವಿನದು ಯಾವುದು ಎಂದು ಗುರುತಿಸುವಂತಿರಲಿಲ್ಲ. ಆನೆ ಓಡಾಡುವ ಜಾಗವಾದ್ದರಿಂದ ಕತ್ತಲಾದ ಮೇಲೆ ಪೈಪು ಬದಲಿಸುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು; ಅದು ನ್ಯಾಯ.

ಇನ್ನು ಲೆಕ್ಕ. ಡೀಸೆಲ್ ನಮ್ಮದು, ಬಾಡಿಗೆ ಗಂಟೆಗಿಷ್ಟು. ಆದರೆ ಪೈಪು ಬದಲಿಸಲು ಎಂಜಿನ್ ನಿಲ್ಲಿಸಿದ ಹೊತ್ತನ್ನೂ ಗಂಟೆಗೆ ಸೇರಿಸುತ್ತಾರೆ, ಮತ್ತು ಕೆಲಸ ಎಷ್ಟೇ ಇರಲಿ ಕನಿಷ್ಠ ಅರ್ಧ ದಿನದ ಬಾಡಿಗೆ ಕೊಡಲೇಬೇಕು. ಎರಡು ಎಕರೆಯವನಿಗೆ ಎಕರೆವಾರು ಖರ್ಚು ದೊಡ್ಡ ಎಸ್ಟೇಟಿಗಿಂತ ಬಹಳ ಹೆಚ್ಚು ಬೀಳುತ್ತದೆ. ಸರದಿಯಲ್ಲೂ ಅಷ್ಟೇ: ಮಾತು ಕೊಟ್ಟ ದಿನ ಬಿಟ್ಟು ದೊಡ್ಡ ತೋಟವೊಂದನ್ನು ಮುಗಿಸಿಕೊಂಡು ನಮ್ಮಲ್ಲಿಗೆ ಬಂದರು. 2024ರಲ್ಲಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆ.ಜಿ. ಮೂಟೆಗೆ ಹತ್ತು ಸಾವಿರ ರೂಪಾಯಿ ದಾಟಿದ ಮೇಲೆ ನೀರು ಹೊಡೆಸದವರೇ ಕಡಿಮೆ, ಆದ್ದರಿಂದ ಅವರೂ ಚೌಕಾಸಿಗೆ ಬಗ್ಗುವುದಿಲ್ಲ. ಏರಿದ ಬಾಡಿಗೆಯಲ್ಲಿ ಪೈಪು ಹೊರುವ ಹುಡುಗರಿಗೆ ಎಷ್ಟು ಸೇರುತ್ತದೆ ಎಂದು ಕೇಳಿದ್ದಕ್ಕೆ ಮಾಲೀಕರು ನೇರ ಉತ್ತರ ಕೊಡಲಿಲ್ಲ. ನನಗೆ ಹೆಚ್ಚು ಬೇಸರವಾದದ್ದು ಇದೇ ವಿಷಯಕ್ಕೆ.

ಐದು ಎಕರೆಗಿಂತ ಹೆಚ್ಚಿದ್ದು ಹತ್ತಿರದಲ್ಲೇ ಕೆರೆಯೋ ಹಳ್ಳವೋ ಇರುವವರು ಧೈರ್ಯವಾಗಿ ಕರೆಸಬಹುದು. ಅದಕ್ಕಿಂತ ಕಡಿಮೆಯವರು ಅಕ್ಕಪಕ್ಕದ ಎರಡು ಮೂರು ಮನೆಯವರೊಡನೆ ಸೇರಿ ಒಂದೇ ಬುಕಿಂಗ್ ಮಾಡಿಸಿದರೆ ಅರ್ಧ ದಿನದ ಷರತ್ತು ತಾನಾಗಿ ತೀರುತ್ತದೆ. ಹೂವಾದ ಮೇಲೆ ಕೊಡುವ ಬ್ಯಾಕಿಂಗ್ ನೀರಿಗೂ ಆಗಲೇ ದಿನ ಗೊತ್ತುಮಾಡಿ ಮುಂಗಡ ಕೊಟ್ಟು ಚೀಟಿ ಬರೆಸಿಕೊಳ್ಳುವುದು ಒಳ್ಳೆಯದು.