ವೆನಿಸ್ಸೋ, ಫ್ಲಾರೆನ್ಸೋ?

ಹದಿಹರೆಯದವರಿಗೊಂದು ಮಾಯಾಲೋಕದ ಕಾದಂಬರಿ, ಅದೂ ಇತಿಹಾಸ ಬೇರೆ ದಾರಿ ಹಿಡಿದ ರಿನೈಸಾನ್ಸ್ (ಪುನರುಜ್ಜೀವನ) ಕಾಲದ ಇಟಲಿಯಲ್ಲಿ. ಯಾವ ಊರನ್ನು ಮಾದರಿ ಮಾಡಿಕೊಳ್ಳಲಿ ಅಂತ ಕೇಳಿದ್ದೀರಿ.

ಮಾಯೆಗೆ ವೆನಿಸ್ ಹೇಳಿ ಮಾಡಿಸಿದ ಜಾಗ. ಮುಖವಾಡ, ಮಂಜು, ಕಾಲುವೆ. 1291ರಲ್ಲಿ ಬೆಂಕಿಯ ಭಯಕ್ಕೆ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಕಳಿಸಿದರು. ಕಸುಬಿನ ಗುಟ್ಟು ಸೋರದಂತೆ ಗಾಜುಗಾರರು ಊರು ಬಿಡುವುದನ್ನೂ ತಡೆದರು. ಆ ಗುಟ್ಟನ್ನೇ ಮಂತ್ರ ಮಾಡಿದರೆ ಅರ್ಧ ಕಥೆ ಸಿಕ್ಕಂತೆ, ಅಲ್ವಾ? ಕುದುರೆ ಬೆನ್ನಟ್ಟುವ ದೃಶ್ಯ ಮಾತ್ರ ಕಷ್ಟ.

ಮನೆತನದ ದ್ವೇಷ ಬೇಕಾದರೆ ಫ್ಲಾರೆನ್ಸ್. 1478ರಲ್ಲಿ ಪಾಟ್ಸಿ ಮನೆತನದವರ ಸಂಚಿನಲ್ಲಿ, ಊರು ಆಳುತ್ತಿದ್ದ ಮೆಡಿಚಿ ಮನೆತನದ ಸೋದರರ ಮೇಲೆ ಚರ್ಚಿನೊಳಗೇ ಕತ್ತಿ ಬಿತ್ತು. ಜೂಲಿಯಾನೊ ಸತ್ತ, ಲೊರೆಂಜೊ ಉಳಿದ. ವೆನಿಸ್‌ನಲ್ಲಿ ಊರಿನ ಮುಖ್ಯಸ್ಥನಾದ ಡೋಜ್‌ನನ್ನು ಆರಿಸುತ್ತಿದ್ದುದು ಚೀಟಿ, ಮತಗಳ ಹಲವು ಸುತ್ತುಗಳಲ್ಲಿ. ವಿವರಿಸುವಷ್ಟರಲ್ಲಿ ನಿಮಗೇ ಸುಸ್ತು.

ನಾಯಕಿ ಚಿತ್ರಶಾಲೆಯಲ್ಲಿ ಕದ್ದು ಕೆಲಸ ಕಲಿಯುವವಳಾದರೆ ಫ್ಲಾರೆನ್ಸ್. ಕಳ್ಳಸಾಗಣೆಯವಳಾದರೆ ವೆನಿಸ್.