ಬೆಲ್ಟ್ ಇಲ್ಲದಿದ್ದರೆ ಅರ್ಧ ಯಂತ್ರ: ಹ್ಯಾಂಡ್‌ಹೆಲ್ಡ್ ಡೈನಮೊಮೀಟರ್, ಮೂರು ವರ್ಷದ ಬಳಕೆ

ಕೈಯಿಂದ ತಡೆದು ಸ್ನಾಯುಬಲ ಅಳೆಯುವ ಎಂಆರ್‌ಸಿ ಸ್ಕೇಲಿನಲ್ಲಿ 0ಯಿಂದ (ಸ್ನಾಯು ಅದುರುವುದೂ ಇಲ್ಲ) 5ರವರೆಗೆ (ಪೂರ್ಣ ಬಲ) ಗ್ರೇಡ್ ಇದ್ದರೂ, ಸ್ಟ್ರೋಕ್ ಅಥವಾ ಗಿಯಾನ್-ಬರೇ (ನರಗಳಿಗೆ ಪೆಟ್ಟಾಗಿ ಕೈಕಾಲು ಸೋಲುವ ಕಾಯಿಲೆ) ಆದವರ ತೊಡೆ ಗ್ರೇಡ್ 4ಕ್ಕೆ ಬಂದು ವಾರಗಟ್ಟಲೆ ಅಲ್ಲೇ ಕೂರುತ್ತದೆ. ಕೈಗೆ ಸ್ವಲ್ಪ ತಡೆ ಸಿಕ್ಕರೂ 4, ಬಹುತೇಕ ಸರಿಹೋದರೂ 4. ಡೈನಮೊಮೀಟರ್ ಎಂದರೆ ಪೇಷೆಂಟ್ ತಳ್ಳಿದ ಬಲವನ್ನು ನ್ಯೂಟನ್ ಲೆಕ್ಕದಲ್ಲಿ ತೋರಿಸುವ, ಕೈಯಲ್ಲಿ ಹಿಡಿಯುವ ಯಂತ್ರ. ಇದರಲ್ಲಿ 90 ನ್ಯೂಟನ್ 130 ಆದದ್ದು ಕಾಣುತ್ತದೆ, ಪೇಷೆಂಟ್‌ಗೂ ತೋರಿಸಬಹುದು. ಕೊಂಡಿದ್ದು ಅದಕ್ಕೇ.

ಆದರೆ ಕೈಯಲ್ಲಿ ಹಿಡಿದೇ ಕ್ವಾಡ್ರಿಸೆಪ್ಸ್ (ಮಂಡಿ ನೇರ ಮಾಡುವ, ತೊಡೆಯ ಮುಂದಿನ ಸ್ನಾಯು) ಅಳೆಯಲು ಹೋದರೆ ಮೋಸ ಹೋಗುತ್ತೀರಿ. ತೊಡೆ ತುಸು ಚೇತರಿಸಿಕೊಂಡರೂ ಪರೀಕ್ಷಕರ ತೋಳು ಸೋಲುತ್ತದೆ. ಪರದೆಯ ಮೇಲೆ ಬರುವುದು ಹಿಡಿದವರ ಬಲ. ಇಷ್ಟು ಬೆಲೆಯ ಪೆಟ್ಟಿಗೆಯಲ್ಲಿ ಒಂದು ಬೆಲ್ಟ್ ಇಟ್ಟಿಲ್ಲ ಎಂಬ ಸಿಟ್ಟು ಇನ್ನೂ ಹೋಗಿಲ್ಲ.

ಹಿಗ್ಗದ ನೈಲಾನ್ ಲಗೇಜ್ ಪಟ್ಟಿ ಸಾಕು, ಎಲಾಸ್ಟಿಕ್ ಬೇಡ. ಪೇಷೆಂಟ್ ಮಂಚದಂಚಿಗೆ ಕೂರಲಿ, ಮಂಡಿ 90 ಡಿಗ್ರಿ. ಪೇಷೆಂಟ್ ಕಾಲಿನ ಹಿಂದಿರುವ ಮಂಚದ ಕಾಲಿಗೂ ಅವರ ಕಣಕಾಲಿಗೂ ಸೇರಿಸಿ ಪಟ್ಟಿ ಸುತ್ತಿ, ಯಂತ್ರವನ್ನು ಕಣಕಾಲಿನ ಮುಂಭಾಗಕ್ಕೂ ಪಟ್ಟಿಗೂ ನಡುವೆ, ಕಾಲಿಗೆ ಲಂಬವಾಗಿ ಇಡಿ. ಪಾದದ ಗಿಣ್ಣಿನಿಂದ 5 ಸೆಂ.ಮೀ. ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ, ಯಂತ್ರದ ಪ್ಯಾಡ್ ಅಲ್ಲೇ ಕೂರಲಿ, ಮಂಡಿಯಿಂದ ಆ ಗೆರೆಗೆ ಎಷ್ಟು ದೂರ ಎಂದು ಬರೆದಿಡಿ. ಈ ಗೆರೆ ತಪ್ಪಿದರೆ ಎಲ್ಲವೂ ತಪ್ಪು: ಮಂಡಿಯಿಂದ 32 ಸೆಂ.ಮೀ. ದೂರದಲ್ಲಿ 120 ನ್ಯೂಟನ್ ಬಂದ ಕಾಲು, ಪ್ಯಾಡ್ 24ಕ್ಕೆ ಜಾರಿದರೆ 160 ತೋರಿಸುತ್ತದೆ. ಬಲ ಒಂದಿಷ್ಟೂ ಹೆಚ್ಚಿರುವುದಿಲ್ಲ.

ಮಾಂಸ ಕರಗಿದ ಕಾಲಿನಲ್ಲಿ ಪ್ಯಾಡ್ ಎಲುಬಿಗೆ ಒತ್ತುತ್ತದೆ, ನೋವಿಗೆ ಪೇಷೆಂಟ್ ಬಿಟ್ಟುಬಿಡುತ್ತಾರೆ. ಒಂದು ಮಡಿಕೆ ಫೋಮ್ ಇಡಿ, ಪ್ರತಿ ಸಲವೂ ಅದೇ ಫೋಮ್ ಇರಲಿ. ಸ್ಟ್ರೋಕ್ ಆದವರ ಬಲ ನಿಧಾನವಾಗಿ ಏರುತ್ತದೆ. 3 ಸೆಕೆಂಡಿಗೆ ಬೀಪ್ ಆದರೂ ನಿಲ್ಲಿಸದೆ "ತಳ್ಳಿ, ತಳ್ಳಿ, ಬಿಡಬೇಡಿ" ಎಂದು 5 ಎಣಿಸಿ. ಮೂರು ಸಲ, ನಡುವೆ ಒಂದು ನಿಮಿಷ ಬಿಡುವು. ಮೈಸ್ತೇನಿಯಾ (ಬಳಸಿದಷ್ಟೂ ಸ್ನಾಯು ಸೋಲುವ ಕಾಯಿಲೆ) ಇದ್ದವರಲ್ಲಿ ಮೂರನೆಯದು ಕುಸಿದರೆ ಸರಾಸರಿ ತೆಗೆದು ಅದನ್ನು ಮುಚ್ಚಬೇಡಿ, ಮೂರನ್ನೂ ಬರೆಯಿರಿ. ಅದರ ಔಷಧಿಯಾದ ಪಿರಿಡೋಸ್ಟಿಗ್ಮಿನ್ ಮಾತ್ರೆ ತೆಗೆದುಕೊಂಡ ಸಮಯವನ್ನೂ.

ಪಟ್ಟಿ ಕಟ್ಟಿದ ಮೇಲೆ ಇದೇ ಯಂತ್ರ ನಂಬಿಕಸ್ಥ. ಗ್ರೇಡ್ 3ಕ್ಕಿಂತ (ತಡೆಯಿಲ್ಲದೆ, ಗುರುತ್ವದ ವಿರುದ್ಧ ಮಾತ್ರ ಕಾಲೆತ್ತಬಲ್ಲ ಮಟ್ಟ) ಕೆಳಗಿದ್ದರೆ ಪೆಟ್ಟಿಗೆಯಿಂದ ತೆಗೆಯಲೇಬೇಡಿ. ಗ್ರೇಡ್ 1ರ ಸಣ್ಣ ಅದುರು ಕಣ್ಣಿಗೆ ಅಥವಾ ಸ್ನಾಯುವಿನ ಮೇಲಿಟ್ಟ ಬೆರಳಿಗೆ ಮಾತ್ರ ಸಿಗುತ್ತದೆ.